ಅಜ್ಜನ ಅರ್ಜಿ

ಹರಿಹರದಿಂದ ದಾವಣಗೆರೆಗೆ 14 ಕಿಲೋಮೀಟರು. ಮೂರು ವರ್ಷಗಳಿಂದ ಕಾಲೇಜಿಗೆಂದು ಪ್ರತಿನಿತ್ಯ ಈ ಹಾದಿಯನ್ನು ಬಸ್ಸಿನಲ್ಲಿ ಸವೆಸುತ್ತಿರುವ ನನಗೆ ಪ್ರಯಾಣದ ವಿಷಯವಾಗಿ ಬರೆಯುವ ಅಧಿಕಾರ ಅಷ್ಟರ ಮಟ್ಟಿಗೆ ಮಾತ್ರ ಉಂಟು. ಸರ್ಕಾರಿ ಬಸ್ಸಿನಲ್ಲಿ 2023ರ ಜೂನಿನಿಂದ ಹೆಂಗಸರಿಗೆ ಟಿಕೀಟಿನ ಹಣವೂ ಇಲ್ಲವಾದ್ದರಿಂದ, ದುಡ್ಡು ಕೊಟ್ಟು ಮುಂಗಡವಾಗಿ ಜಾಗ ಕಾದಿರಿಸುವ ವಿದ್ಯೆಯಲ್ಲಿ ನಾನು ಪೂರ್ತಿ ಅನಕ್ಷರಸ್ಥೆ. ಹೀಗಿದ್ದರೂ ನಮ್ಮ ಮನೆಯಲ್ಲಿ ಎರಡು ವರ್ಷ ಒಂದೇ ಪ್ರಶ್ನೆಯ ಮೇಲೆ ಚರ್ಚೆ ನಡೆಯಿತು. ಆ ಚರ್ಚೆಯಲ್ಲಿ ನಾನೇ ಸೋತೆ. ದೂರದ ಪ್ರಯಾಣಕ್ಕೆ ನಾವೇ ನೇರವಾಗಿ ಅರ್ಜಿ ಹಾಕುವುದು ಲೇಸೋ, ಏಜೆಂಟರ ಕೈಗೆ ಹಣ ಕೊಟ್ಟು ನಿಶ್ಚಿಂತರಾಗುವುದು ಲೇಸೋ ಎಂಬುದೇ ಆ ಪ್ರಶ್ನೆ. ಪ್ರಯಾಣ ಮಾಡಬೇಕಾದವರು ನನ್ನ ಅಜ್ಜ. ಹೋಗಬೇಕಾದ ಊರು ಮಕ್ಕಾ.

ನಾವು ನದಾಫರು. ಹತ್ತಿ ಹಿಂಜಿ ಗಾದಿ ಹೊಲಿಯುವುದು ನಮ್ಮ ಹಿರಿಯರ ಕಸುಬು. ನಮಾಜು ಅರಬ್ಬಿಯಲ್ಲಿ, ಜಗಳ ಕನ್ನಡದಲ್ಲಿ. ದಾವಣಗೆರೆಯನ್ನು ಜನ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಗಿರಣಿಗಳ ಕಾಲದಲ್ಲಿ ಅಜ್ಜ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಓಣಿ ಓಣಿ ತಿರುಗಿದವರು. ಆಮೇಲೆ ಹರಿಹರದಲ್ಲಿ ಒಂದು ಸಣ್ಣ ಅಂಗಡಿ ಹಿಡಿದು ಹಿಂಜುವ ಯಂತ್ರ ಹಾಕಿಸಿದರು. ಫೋಮಿನ ಹಾಸಿಗೆಗಳು ಬಂದ ಮೇಲೆ ಆ ಯಂತ್ರ ವಾರಕ್ಕೆ ಎರಡು ದಿನ ತಿರುಗಿದರೆ ಹೆಚ್ಚು. ಅಜ್ಜನಿಗೆ ಓದು ಬಾರದು, ಸಹಿ ಮಾತ್ರ ಬರುತ್ತದೆ. ಅಪ್ಪ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಈಗ ಆಟೋ ಓಡಿಸುತ್ತಾರೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದ್ದರಿಂದ ರೇಷನ್ ಕಾರ್ಡು, ಆಧಾರು, ವಿದ್ಯಾರ್ಥಿವೇತನ ಎಂದು ಇಡೀ ಓಣಿಯ ಅರ್ಜಿಗಳೆಲ್ಲ ನನ್ನ ಪಾಲಿಗೆ ಬಂದಿವೆ. ಅದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ನಮ್ಮ ಮನೆತನದಲ್ಲಿ ಮಕ್ಕಾ ಕಂಡು ಬಂದವರು ಒಬ್ಬರೇ, ಅಜ್ಜನ ದೊಡ್ಡಪ್ಪ. ಅವರು 1974ರಲ್ಲಿ ಹೋದದ್ದು ಹಡಗಿನಲ್ಲಿ. ಹರಿಹರದಿಂದ ಸಣ್ಣ ಹಳಿಯ ಗಾಡಿ ಹತ್ತಿ, ಮಿರಜಿನಲ್ಲಿ ಇಳಿದು ದೊಡ್ಡ ಹಳಿಯ ಗಾಡಿಗೆ ಬದಲಾಯಿಸಿ, ಬೊಂಬಾಯಿಯ ಮುಸಾಫಿರಖಾನೆಯಲ್ಲಿ ಸರದಿಗಾಗಿ ದಿನಗಟ್ಟಲೆ ಕಾದು, ಆಮೇಲೆ ಸಮುದ್ರ. ಹಡಗಿನ ಕೆಳ ಅಂತಸ್ತಿನಲ್ಲಿ ಮಲಗುವ ಜಾಗ ನಮ್ಮ ಅಡುಗೆಮನೆಯ ಕಟ್ಟೆಯಷ್ಟೇ ಇತ್ತಂತೆ. ದೊಡ್ಡಪ್ಪ ತಾವೇ ಹೊಲಿದ ತೆಳು ಗಾದಿಯನ್ನು ಸುರುಳಿ ಸುತ್ತಿಕೊಂಡು ಹೋಗಿದ್ದರು. ಹಿಂದಿರುಗುವಾಗ ಅದನ್ನು ಜಡ್ಡಾದ ಒಬ್ಬ ಮುದುಕನಿಗೆ ಕೊಟ್ಟು, ಜಮ್‌ಜಮ್ ನೀರಿನ ಡಬ್ಬಿಯನ್ನಷ್ಟೇ ತಂದರು. ಈ ಕಥೆಯನ್ನು ಅಜ್ಜನ ಬಾಯಲ್ಲಿ ನಾನು ಎಷ್ಟು ಸಲ ಕೇಳಿದ್ದೇನೆಂದರೆ ಆ ಹಡಗಿನ ಉಪ್ಪುಗಾಳಿ ನನಗೇ ಬಡಿದಂತಾಗಿದೆ. ಬೊಂಬಾಯಿಯಿಂದ ಜೆದ್ದಾಕ್ಕೆ ಹೋಗುತ್ತಿದ್ದ ಹಜ್ ಹಡಗುಗಳು 1995ರಲ್ಲಿ ನಿಂತವು. ಅಜ್ಜನಿಗೆ ಮಾತ್ರ ಇಂದಿಗೂ ಹಜ್ ಎಂದರೆ ಹಡಗೇ. ವಿಮಾನ ಎಂದರೆ, “ಅದರಾಗ ಯಾತ್ರೆ ಎಲ್ಲೈತವ್ವಾ? ಕಣ್ಣು ಮುಚ್ಚಿ ತೆಗಿಯೂದ್ರಾಗ ಮುಗೀತೈತಿ” ಎನ್ನುತ್ತಾರೆ.

ಇತಿಹಾಸದ ವಿದ್ಯಾರ್ಥಿನಿಯಾದ ನಾನು ಇಲ್ಲಿ ಒಂದು ಮಾತು ಸೇರಿಸದೆ ಬಿಡಲಾರೆ. ಯಾತ್ರಿಕ ಮತ್ತು ಹಡಗಿನ ನಡುವೆ ದಲ್ಲಾಳಿ ನಿಂತದ್ದು ಈಚಿನ ಕಾಲದ ಮಾತಲ್ಲ. ಬೊಂಬಾಯಿಯ ದಲ್ಲಾಳಿಗಳು ಹಳ್ಳಿಯಿಂದ ಬಂದ ಹಾಜಿಗಳನ್ನು ಸುಲಿಯುತ್ತಾರೆ, ಹಡಗಿನಲ್ಲಿ ಕುರಿಗಳಂತೆ ತುಂಬುತ್ತಾರೆ ಎಂಬ ದೂರುಗಳು ಹೆಚ್ಚಿದಾಗ ಅಂದಿನ ಬ್ರಿಟಿಷ್ ಸರ್ಕಾರ ಕಂಡುಕೊಂಡ ಉಪಾಯವೇನು ಬಲ್ಲಿರಾ? ಇನ್ನೂ ದೊಡ್ಡ ಏಜೆಂಟನನ್ನು ನೇಮಿಸಿತು! ಇಂಗ್ಲೆಂಡಿನ ಪ್ರಖ್ಯಾತ ಪ್ರವಾಸ ಕಂಪನಿಯಾದ ಥಾಮಸ್ ಕುಕ್ ಅವರಿಗೆ 1886ರಲ್ಲಿ ಹಜ್ ಪ್ರಯಾಣದ ಏರ್ಪಾಡನ್ನು ವಹಿಸಲಾಯಿತು. ರೈಲು ಮತ್ತು ಹಡಗು ಎರಡಕ್ಕೂ ಸೇರಿಸಿ ಒಂದೇ ಟಿಕೀಟು ಕೊಡುವುದು ಅವರ ಯೋಜನೆ. ಲಾಭ ಕಾಣದೆ 1893ರಲ್ಲಿ ಆ ಏರ್ಪಾಡು ಮುಗಿಯಿತು. ಬಡವರ ಯಾತ್ರೆಯಲ್ಲಿ ದೊಡ್ಡ ಕಂಪನಿಗೆ ಗಿಟ್ಟುವುದು ಕಡಿಮೆ. ಅದೇ ಯಾತ್ರೆಯಲ್ಲಿ ಸಣ್ಣ ದಲ್ಲಾಳಿಗೆ ಹೇಗೋ ಗಿಟ್ಟುತ್ತದೆ.

ಈಗಿನ ಕ್ರಮದಲ್ಲಿ ಎರಡು ದಾರಿಗಳಿವೆ. ಒಂದು, ಭಾರತೀಯ ಹಜ್ ಸಮಿತಿಗೆ ನಾವೇ ಅರ್ಜಿ ಹಾಕುವುದು. ಅರ್ಜಿಯ ಶುಲ್ಕ 300 ರೂಪಾಯಿ. ಅರ್ಜಿಗಳು ಜಾಗಕ್ಕಿಂತ ಹೆಚ್ಚಾದರೆ ಕುರ್ರಾ, ಎಂದರೆ ಚೀಟಿ ಎತ್ತುವುದು. ಈಗ ಆ ಚೀಟಿಯನ್ನು ಕಂಪ್ಯೂಟರು ಎತ್ತುತ್ತದೆ. ಇನ್ನೊಂದು, ಸರ್ಕಾರದಿಂದ ಪರವಾನಗಿ ಪಡೆದ ಖಾಸಗಿ ಸಂಸ್ಥೆಗಳು. ಅಲ್ಲಿ ಚೀಟಿಯಿಲ್ಲ, ಹಣವಿದ್ದರೆ ಜಾಗ ಉಂಟು. 2025ರ ಹಜ್ಜಿಗೆ ಭಾರತದ ಪಾಲಿಗೆ ಬಂದ 1,75,025 ಜಾಗಗಳಲ್ಲಿ 1,22,518 ಸಮಿತಿಗೆ, ಉಳಿದದ್ದು ಖಾಸಗಿಯವರಿಗೆ. ಈ ಖಾಸಗಿ ಸಂಸ್ಥೆಗಳೇನೂ ಹರಿಹರದ ಓಣಿಗೆ ಬರುವುದಿಲ್ಲ. ಅವರ ಕೆಳಗೆ ಒಬ್ಬರು, ಆ ಒಬ್ಬರ ಕೆಳಗೆ ಮತ್ತೊಬ್ಬರು, ಕೊನೆಗೆ ನಮ್ಮ ಪರಿಚಯದವರೊಬ್ಬರು. ದಾವಣಗೆರೆಯಲ್ಲಿ ಜೆರಾಕ್ಸ್ ಯಂತ್ರವೊಂದನ್ನು ಇಟ್ಟುಕೊಂಡ ಒಂದು ಮಳಿಗೆ, ಗೋಡೆಯ ಮೇಲೆ ಕಾಬಾದ ಚಿತ್ರ, ಮೇಜಿನ ಮೇಲೆ ಖರ್ಜೂರದ ತಟ್ಟೆ. ಅವರ ಹೆಸರು ಇಲ್ಲಿ ಬೇಡ. ನಾನು ಅವರನ್ನು ಮಾಮ ಎಂದು ಕರೆಯುತ್ತೇನೆ.

ಮೊದಲು ನಾವು ಹಿಡಿದದ್ದು ನೇರ ದಾರಿಯನ್ನೇ. 2024ರ ಹಜ್ಜಿಗೆ ನಾನೇ ಅರ್ಜಿ ತುಂಬಿದೆ. ಅಜ್ಜನ ಪಾಸ್‌ಪೋರ್ಟು, ಭಾವಚಿತ್ರ, ಬ್ಯಾಂಕಿನ ಚೆಕ್ಕು, ರಕ್ತದ ಗುಂಪು ಎಲ್ಲವನ್ನೂ ಹೊಂದಿಸಿದೆ. 70 ದಾಟಿದವರಿಗೆ ಆ ವರ್ಷ ಚೀಟಿಯಿಲ್ಲದೆ ಆದ್ಯತೆ ಇತ್ತು. ಅಜ್ಜನಿಗೆ ಅಷ್ಟು ವಯಸ್ಸಾಗಿರಲಿಲ್ಲ. ಚೀಟಿಯಲ್ಲಿ ಹೆಸರು ಬರಲಿಲ್ಲ. ಕಾಯುವ ಪಟ್ಟಿಯಲ್ಲಿ ಬಂತು, ಪಟ್ಟಿ ನಮ್ಮವರೆಗೆ ಬರಲಿಲ್ಲ. ಅಜ್ಜ ಒಂದು ತಿಂಗಳು ದಿನವೂ ಮಗ್ಗುಲಲ್ಲಿ ಕುಳಿತು “ನೋಡವ್ವಾ” ಎನ್ನುವರು. ನಾನು ಫೋನು ನೋಡಿ “ಇಲ್ಲಜ್ಜಾ” ಎನ್ನುವೆ. ಯಾಕೆ ಇಲ್ಲ, ಯಾವಾಗ ಆಗುತ್ತದೆ, ಯಾರನ್ನು ಕೇಳಬೇಕು ಎಂದರೆ ನನ್ನಲ್ಲಿ ಉತ್ತರವಿರಲಿಲ್ಲ. ಫೋನಿನ ಹತ್ತಿರವೂ ಇರಲಿಲ್ಲ.

ಅದೇ ಆಗಸ್ಟಿನಲ್ಲಿ ಮುಂದಿನ ವರ್ಷದ ಅರ್ಜಿಗಳು ತೆರೆದವು. ಅಜ್ಜ ತಾವೇ ತೀರ್ಮಾನ ಮಾಡಿಬಿಟ್ಟಿದ್ದರು. “ಆ ಫೋನಿಗೆ ನನ್ನ ಗುರುತಿಲ್ಲವ್ವಾ. ಅವನಿಗೆ ಐತಿ. ಅವನ ಮದುವಿ ಗಾದಿ ಹೊಲಿದಾಂವ ನಾನು” ಎಂದರು. ಮಾಮ ಹೇಳಿದ ದರ 6 ಲಕ್ಷ. ಸರ್ಕಾರಿ ದಾರಿಯ ಖರ್ಚು ಅದರ ಅರ್ಧಕ್ಕಿಂತ ತುಸು ಹೆಚ್ಚು. ನಾನು ಲೆಕ್ಕ ಹೇಳಿದೆ, ವಾದಿಸಿದೆ; ಆದರೆ ಹೆಚ್ಚು ವಾದಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಒಂದು ಬಗೆಯ ಬಿಡುಗಡೆಯೇ ಆಯಿತು. ಪರೀಕ್ಷೆ ಹತ್ತಿರವಿತ್ತು, ದಿನವೂ “ಇಲ್ಲಜ್ಜಾ” ಎನ್ನುವ ಕೆಲಸ ಇನ್ನು ಮಾಮನದು. ಆ ವರ್ಷದ ನಿಯಮಗಳನ್ನು ನಾನು ತೆರೆದೂ ನೋಡಲಿಲ್ಲ.

ಹಿಂಜುವ ಯಂತ್ರ ಮಾರಿದರು. ಅಂಗಡಿ ಬಿಟ್ಟು ಮುಂಗಡ ವಾಪಸು ಪಡೆದರು. ತೀರಿಹೋದ ಅಜ್ಜಿಯ ಸರ ಹೋಯಿತು. ಇದಕ್ಕೆ ಮೂವತ್ತು ವರ್ಷದ ಉಳಿತಾಯ ಸೇರಿಸಿ ಎರಡು ಕಂತಿನಲ್ಲಿ 4,50,000 ರೂಪಾಯಿಯನ್ನು ಮಾಮನ ಕೈಗೆ ಕೊಟ್ಟರು. ಪ್ರತಿ ಸಲವೂ ಮಾಮ ರಸೀದಿ ಕೊಟ್ಟು, ಅಜ್ಜನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. ಯಾವ ಜಾಲತಾಣ ಹಾಗೆ ಮಾಡೀತು?

ಆಮೇಲಿನದನ್ನು ಪತ್ರಿಕೆಗಳಲ್ಲಿ ನೀವೂ ಓದಿರಬಹುದು. ಆ ವರ್ಷ ಸೌದಿ ಸರ್ಕಾರದ ಹೊಸ ನಿಯಮದ ಪ್ರಕಾರ ಒಂದೊಂದು ಸಂಸ್ಥೆಗೆ ಕಡೆಯಪಕ್ಷ 2,000 ಯಾತ್ರಿಕರು ಇರಬೇಕಾಗಿತ್ತು. ಅದಕ್ಕಾಗಿ ನಮ್ಮ ದೇಶದ 800ಕ್ಕೂ ಹೆಚ್ಚು ಖಾಸಗಿ ಸಂಸ್ಥೆಗಳನ್ನು 26 ಗುಂಪುಗಳಾಗಿ ಕೂಡಿಸಿದ್ದರು. ಮಿನಾದ ಬಿಡಾರ, ವಸತಿ, ವಾಹನ ಇವುಗಳ ಕರಾರುಗಳು ಗಡುವಿನೊಳಗೆ ಮುಗಿಯಲಿಲ್ಲ. ಮಿನಾ ಎಂಬುದು ಬೆಟ್ಟಗಳ ನಡುವಿನ ಕಣಿವೆ. ಅಲ್ಲಿನ ಜಾಗ ಅಷ್ಟೇ, ಹಿಗ್ಗಿಸುವಂತಿಲ್ಲ. 2025ರ ಏಪ್ರಿಲಿನಲ್ಲಿ ಸುದ್ದಿ ಬಂತು: ಖಾಸಗಿಯವರ ಪಾಲಿನ ಐವತ್ತೆರಡು ಸಾವಿರ ಚಿಲ್ಲರೆ ಜಾಗಗಳಲ್ಲಿ 10,000 ಮಾತ್ರ ಮತ್ತೆ ತೆರೆದಿವೆ. ಉಳಿದ ನಲವತ್ತೆರಡು ಸಾವಿರಕ್ಕೂ ಹೆಚ್ಚು ಜನರ ಯಾತ್ರೆ ನಿಂತಿತು. ಅವರಲ್ಲಿ ನಮ್ಮ ಅಜ್ಜನೂ ಒಬ್ಬರು.

ಆ ರಾತ್ರಿ ಇಶಾ ನಮಾಜಿನ ನಂತರ ಮಾಮ ತಾವಾಗಿಯೇ ಮನೆಗೆ ಬಂದರು. ಒಳಗೆ ಬರದೆ ಹೊಸ್ತಿಲಾಚೆ ನಿಂತು, “ಚಾಚಾ, ಓಡಿ ಹೋಗಾಕ ಬಂದಿಲ್ಲರಿ, ಮುಖ ತೋರಿಸಾಕ ಬಂದೀನಿ” ಎಂದರು. ಅಪ್ಪ ಆಡಬಾರದ ಮಾತನ್ನೆಲ್ಲ ಆಡಿದರು. ಅಜ್ಜ ಮಾತ್ರ ನನ್ನ ಕಡೆ ತಿರುಗಿ ಚಹಾ ಇಡಲು ಹೇಳಿದರು. ಚಹಾ ಕುಡಿಯುತ್ತ ತಿಳಿದದ್ದು, ಮಾಮನ ಸ್ವಂತ ತಾಯಿಯ ಹೆಸರೂ ಅದೇ ಪಟ್ಟಿಯಲ್ಲಿತ್ತು. ಮೇಲಿನವನು ಕೊಟ್ಟಂತೆ ನಮಗೆ ಕೊಡುವುದಾಗಿ ಹೇಳಿ ಹೋದರು.

ದೂರು ಬರೆಯಬೇಕೆಂದು ಹೊರಟವಳು ನಾನು. ಬಿ.ಎ. ಓದಿದ್ದಕ್ಕೆ ಅಷ್ಟಾದರೂ ಆಗಬೇಡವೇ? ದೂರಿನಲ್ಲಿ ನಿಯಮಗಳನ್ನು ಉದಾಹರಿಸಬೇಕಲ್ಲ, ಅದಕ್ಕಾಗಿ ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು 2025ರ ಹಜ್ ನೀತಿಯನ್ನು ಮೊದಲ ಸಲ ತೆರೆದು ಓದಿದೆ. ಚೀಟಿಯಿಲ್ಲದೆ ಆದ್ಯತೆ ಪಡೆಯುವವರ ವಯಸ್ಸನ್ನು ಆ ವರ್ಷ 70ರಿಂದ 65ಕ್ಕೆ ಇಳಿಸಿದ್ದರು. ಜೊತೆಗೆ ಒಬ್ಬ ಹತ್ತಿರದ ಸಂಬಂಧಿ ಸಹಾಯಕನಾಗಿ ಹೋಗಬೇಕೆಂದಿತ್ತು. ಅರ್ಜಿ ಹಾಕುವ ಕಾಲಕ್ಕೆ ಅಜ್ಜನಿಗೆ 67 ಆಗಿತ್ತು. ನೇರವಾಗಿ ಅರ್ಜಿ ಹಾಕಿದ್ದರೆ ಆದ್ಯತೆ ಅವರದೇ ಆಗಿತ್ತು. ಮಾಮ ಒಬ್ಬರಿಗೆ ಕೇಳಿದ ಹಣಕ್ಕೆ ಇನ್ನಷ್ಟು ಸೇರಿಸಿದ್ದರೆ ಅಪ್ಪನೂ ಜೊತೆಗೆ ಹೋಗಬಹುದಿತ್ತು. ನನ್ನ ಕೈಯಲ್ಲಿದ್ದ ಲೇಖನಿ ಅಲ್ಲಿಗೇ ನಿಂತಿತು. ಆ ದೂರನ್ನು ನಾನು ಯಾರ ಮೇಲೆ ಬರೆಯಲಿ?

ಒಂದು ತಿಂಗಳಿಗೂ ಮೇಲೆ ಇದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮಾಮನನ್ನು ಬೈಯುವಾಗಲೆಲ್ಲ ಅಪ್ಪ ನನ್ನ ಬೆಂಬಲ ಕೇಳುವರು. ನಾನು ಪುಸ್ತಕ ತೆಗೆದುಕೊಂಡು ಮಾಳಿಗೆಗೆ ಹೋಗುವೆ. ಬಕ್ರೀದಿನ ಹಿಂದಿನ ದಿನ ಅಜ್ಜ ಉಪವಾಸವಿದ್ದರು. ಅರಫಾತಿನ ಬಯಲಿನಲ್ಲಿ ನಿಂತ ಜನಸಾಗರವನ್ನು ದೂರದರ್ಶನದಲ್ಲಿ ಎವೆಯಿಕ್ಕದೆ ನೋಡಿದರು. ಸಂಜೆ ಉಪವಾಸ ಬಿಟ್ಟ ಮೇಲೆ ನಾನು ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದರು.

“ಆ ಕಾಗದ ಯಾವ ಭಾಷಿಯಾಗಿತ್ತು?”

“ನಾನು ಓದಿದ್ದು ಇಂಗ್ಲಿಷಿನಲ್ಲಿ, ಅಜ್ಜಾ.”

“ಹಂಗಾದ್ರ ನನಗ ಹೇಳಾಕ ನೀನೊಬ್ಬಾಕೀನೇ ಇದ್ದಿ.”

ಅಷ್ಟೇ ಅಂದರು. ಅಪ್ಪನಂತೆ ಅವರೂ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮುಂದಿನ ಜುಲೈಯಲ್ಲಿ 2026ರ ಅರ್ಜಿಗಳು ತೆರೆದಾಗ ನಿಯಮಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳುತ್ತ ಅಜ್ಜನಿಗೂ ಅಪ್ಪನಿಗೂ ಓದಿ ಹೇಳಿದೆ. ಮೂರು ರಾತ್ರಿ ಹಿಡಿಯಿತು. ಇದನ್ನು ನೇರ ದಾರಿ ಎಂದು ಕರೆಯುತ್ತಾರೆ! ಬ್ಯಾಂಕಿಗೆ ಎರಡು ಸಲ, ವೈದ್ಯರಲ್ಲಿಗೆ ಎರಡು ಸಲ, ಅಜ್ಜನ ಹೆಸರಿನ ಕಾಗುಣಿತ ಆಧಾರಿನಲ್ಲೊಂದು ಪಾಸ್‌ಪೋರ್ಟಿನಲ್ಲೊಂದು ಇದ್ದುದಕ್ಕಾಗಿ ಮತ್ತೆರಡು ಸಲ ಅಲೆದಾಟ. ಮಾಮ ಕಮಿಷನ್ ಪಡೆಯುತ್ತಿದ್ದುದು ಯಾವ ಕೆಲಸಕ್ಕೆ ಎಂಬುದು ಆ ದಿನಗಳಲ್ಲಿ ನನ್ನ ಕಾಲಿಗೆ ತಿಳಿಯಿತು. ಆಗಸ್ಟಿನಲ್ಲಿ ಅಜ್ಜನ ಹೆಸರೂ ಅಪ್ಪನ ಹೆಸರೂ ಪಟ್ಟಿಯಲ್ಲಿ ಬಂದವು. ಅಷ್ಟು ಹೊತ್ತಿಗೆ ಮಾಮ 3 ಲಕ್ಷ ಹಿಂದಿರುಗಿಸಿದ್ದರು. ಉಳಿದದ್ದನ್ನು ಐದು ಸಾವಿರ, ಹತ್ತು ಸಾವಿರದಂತೆ ತಂದುಕೊಡುತ್ತಿದ್ದರು. ಅಪ್ಪನ ಚೀಟಿ ಹಣವನ್ನು ಎತ್ತಿ ಮೊದಲ ಕಂತು ಕಟ್ಟಿದೆವು.

ಆಮೇಲೊಂದು ಶುಕ್ರವಾರ ನಾನು ಕಾಲೇಜಿನಿಂದ ಬಂದಾಗ ಪಡಸಾಲೆಯಲ್ಲಿ ಮಾಮ ಕುಳಿತಿದ್ದರು. ಅಜ್ಜನೇ ಕರೆಸಿದ್ದರಂತೆ. ಇಹ್ರಾಮಿನ ಬಟ್ಟೆ ಹೇಗೆ ಉಡಬೇಕೆಂಬುದನ್ನು ನಾನು ಫೋನಿನಲ್ಲಿ ತೋರಿಸಿದ್ದೆ. ಅದು ಅಜ್ಜನಿಗೆ ಹಿಡಿಸಿರಲಿಲ್ಲ. ಮಾಮ ಮಂಡಿಯೂರಿ ಒಂದು ಬಿಳಿಯ ಬಟ್ಟೆಯನ್ನು ಅಜ್ಜನ ಸೊಂಟಕ್ಕೆ ಸುತ್ತಿ, ನಡೆದರೆ ಬಿಚ್ಚಿಕೊಳ್ಳದ ಹಾಗೆ ಮಡಿಕೆ ಹಾಕಿ ಬಿಗಿಯುತ್ತಿದ್ದರು. ಇನ್ನೊಂದನ್ನು ಅಪ್ಪ ಹಿಡಿದು ನಿಂತಿದ್ದರು. ಅಜ್ಜ ಬಟ್ಟೆಯ ಅಂಚನ್ನು ಎರಡು ಬೆರಳಿನಲ್ಲಿ ಉಜ್ಜಿ ನೋಡಿ, “ಹತ್ತಿ ಚಲೋ ಐತಿ” ಎಂದರು. ಆಮೇಲೆ ಹೊಲಿಗೆಗಾಗಿ ಅಂಚಿನ ಉದ್ದಕ್ಕೂ ಬೆರಳಾಡಿಸಿದರು. ಇಹ್ರಾಮಿಗೆ ಹೊಲಿಗೆ ಇರುವುದಿಲ್ಲ. “ಐವತ್ತು ವರ್ಷ ಹೊಲಿದೀನಿ, ಕಡೀಕ ನನಗ ಇದನ್ನ ಉಡಸ್ತೀರೇನೋ” ಎಂದು ನಕ್ಕರು. ಮಾಮನೂ ನಕ್ಕು, “ನಾಲ್ಕು ಹೆಜ್ಜಿ ನಡೀರಿ ಚಾಚಾ, ನೋಡೋಣ” ಎಂದರು. ಅಜ್ಜ ಪಡಸಾಲೆಯಿಂದ ಅಡುಗೆಮನೆಯ ಬಾಗಿಲವರೆಗೆ ನಡೆದು ಹೋದರು, ತಿರುಗಿ ಬಂದರು. ಬಟ್ಟೆ ಬಿಚ್ಚಿಕೊಳ್ಳಲಿಲ್ಲ.