ಸಾವಿರ ಮೆಟ್ಟಿಲು, ಎರಡು ನಡಿಗೆ

ಮೈಸೂರಿಗೆ ಬಂದವರು ಚಾಮುಂಡಿ ಬೆಟ್ಟ ನೋಡದೆ ಹಿಂದಿರುಗುವುದು ಕಡಿಮೆ. ಆದರೆ ಹೆಚ್ಚಿನವರು ಬೆಟ್ಟವನ್ನು ನೋಡುವುದು ವಾಹನದ ಕಿಟಕಿಯಿಂದ. ತಿರುವು ರಸ್ತೆಯಲ್ಲಿ ಏರಿ, ಮಹಿಷಾಸುರನ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಂಡು, ದೇವಿಯ ದರ್ಶನ ಮಾಡಿ, ಬರುವಾಗ ನಂದಿಗೊಂದು ನಮಸ್ಕಾರ ಹಾಕಿದರೆ ಆಯಿತು. ಬೆಟ್ಟಕ್ಕೆ ಇನ್ನೊಂದು ದಾರಿ ಇದೆ. ನಗರದ ಅಂಚಿನಲ್ಲಿ ‘ಪಾದ’ ಎಂದು ಊರವರು ಕರೆಯುವ ಜಾಗದಿಂದ ಕಲ್ಲಿನ ಮೆಟ್ಟಿಲು ಶುರುವಾಗುತ್ತದೆ. 1659ರಿಂದ 1673ರವರೆಗೆ ಮೈಸೂರನ್ನು ಆಳಿದ ದೊಡ್ಡದೇವರಾಜ ಒಡೆಯರು ಹಾಕಿಸಿದ ಮೆಟ್ಟಿಲುಗಳಿವು. ಸಾವಿರ ಎನ್ನುವವರಿದ್ದಾರೆ, ಸಾವಿರದ ಎಂಟು ಎನ್ನುವವರೂ ಇದ್ದಾರೆ. ಎಣಿಸಲು ಹೊರಟವರೆಲ್ಲ ಮುನ್ನೂರರ ಹೊತ್ತಿಗೆ ಏದುಸಿರಿನಲ್ಲಿ ಲೆಕ್ಕ ಮರೆಯುವುದರಿಂದ ಈ ವಿವಾದ ಬೇಗ ಮುಗಿಯುವಂಥದ್ದಲ್ಲ.

ಮೊದಲ ಇನ್ನೂರು ಮುನ್ನೂರು ಮೆಟ್ಟಿಲು ಕಡಿದು. ಅಲ್ಲಿ ದಾಟಿದರೆ ಉಳಿದದ್ದು ಹೆಚ್ಚು ಕಾಡುವುದಿಲ್ಲ. ಎರಡೂ ಬದಿಗೆ ಕುರುಚಲು ಕಾಡು, ಲಂಟಾನದ ಪೊದೆ, ಎಲ್ಲಿಂದಲೋ ನವಿಲಿನ ಕೂಗು, ಕೈಯಲ್ಲಿ ಚೀಲ ಕಂಡರೆ ಹಕ್ಕು ಸ್ಥಾಪಿಸಲು ಬರುವ ಕೋತಿಗಳು. ನಡುವೆ ತಿರುಗಿ ನಿಂತರೆ ಲಲಿತಮಹಲಿನ ಬಿಳಿ ಗೋಪುರ, ಕಾರಂಜಿ ಕೆರೆ, ಅದರಾಚೆ ಹೊಗೆಯೋ ಮಂಜೋ ತಿಳಿಯದ ತೆರೆಯೊಳಗೆ ಊರು. ಕಾಲಡಿಯ ಬಂಡೆ ಗ್ರಾನೈಟು. ಭೂವಿಜ್ಞಾನಿಗಳ ಲೆಕ್ಕದಲ್ಲಿ ಅದಕ್ಕೆ ಸುಮಾರು 80 ಕೋಟಿ ವರ್ಷ. ಒಡೆಯರ ಮೂರೂವರೆ ಶತಮಾನ ಅದರ ಮುಂದೆ ನಿನ್ನೆಯ ಮಾತು.

ನಾನೂ ನನ್ನಾಕೆಯೂ ಈ ಮೆಟ್ಟಿಲುಗಳನ್ನು ಹತ್ತಲು ಶುರುಮಾಡಿದ್ದಕ್ಕೆ ಮೊದಲ ಕಾರಣ ಭಕ್ತಿಯಲ್ಲ, ಸಕ್ಕರೆ. 2016ರಲ್ಲಿ ಆಕೆಗೆ ಸಕ್ಕರೆ ಕಾಯಿಲೆ ಎಂದು ತಿಳಿಯಿತು. ಮಾತ್ರೆಯ ಚೀಟಿಯ ಕೆಳಗೆ ವೈದ್ಯರು ದಪ್ಪಕ್ಷರದಲ್ಲಿ ‘ನಡಿಗೆ’ ಎಂದು ಬರೆದಿದ್ದರು. ನಡಿಗೆ ಎಂದು ಬರೆಯುವುದು ಸುಲಭ. ಗಂಡ ಹೆಂಡತಿ ಜೊತೆಯಲ್ಲಿ ನಡೆಯುವುದು ಅಷ್ಟು ಸುಲಭವಲ್ಲ. ನನ್ನದು ಬೆಲ್ಲು ಹೊಡೆದ ಮೇಲೆ ತರಗತಿಯಿಂದ ತರಗತಿಗೆ ಓಡುವ ಮೇಷ್ಟ್ರ ನಡಿಗೆ. ಆಕೆಯದು ಸೊಪ್ಪಿನವಳನ್ನು ಮಾತನಾಡಿಸಿ, ಯಾರದೋ ಕಾಂಪೌಂಡಿನ ದಾಸವಾಳದ ಬಣ್ಣ ನೋಡಿ, ಆಮೇಲೆ ಮುಂದಿನ ಹೆಜ್ಜೆ ಇಡುವ ನಡಿಗೆ. ಮೊದಲ ಕೆಲವು ತಿಂಗಳು ನಾವು ಒಂದೇ ರಸ್ತೆಯಲ್ಲಿ ಬೇರೆ ಬೇರೆ ನಡೆದೆವೆಂದೇ ಹೇಳಬೇಕು.

ಇದನ್ನು ಸರಿಪಡಿಸಿದ್ದು ಬೆಳ್ಳಿ. ಬೆಳ್ಳಿ ನಮ್ಮ ಬೀದಿಯ ಮೋರಿಯ ಬಳಿ ಸಿಕ್ಕ ಹೆಣ್ಣು ನಾಯಿಮರಿ, ಈಗ ಏಳು ವರ್ಷದ ಗೃಹಿಣಿ. ಅವಳು ನನ್ನಷ್ಟೇ ಮುಂದೆ ಓಡುತ್ತಾಳೆ, ನಿಂತು ಹಿಂದೆ ನೋಡುತ್ತಾಳೆ, ಯಜಮಾನಿ ಕಾಣಿಸದಿದ್ದರೆ ವಾಪಸು ಓಡುತ್ತಾಳೆ. ಅವಳ ಹಗ್ಗ ನನ್ನ ಕೈಯಲ್ಲಿ ಇರುವುದರಿಂದ ನಾನೂ ವಾಪಸು. ರಾತ್ರಿ ಊಟವಾದ ಮೇಲೆ ಬಾಗಿಲ ಬಳಿ ಕೂತು ಅವಳು ಮಾಡುವ ಸದ್ದಿಗೆ ಮಳೆ, ಚಳಿ, ಟಿ.ವಿ. ಧಾರಾವಾಹಿ ಯಾವುದೂ ಎದುರು ನಿಲ್ಲಲಾರವು. ಹೀಗಾಗಿ ಊಟದ ನಂತರ ಅರ್ಧ ಗಂಟೆ ನಡೆಯುವುದು ನಮಗೆ ಅಭ್ಯಾಸವಾಯಿತು. ಸಕ್ಕರೆಯ ದೃಷ್ಟಿಯಿಂದ ಇದು ಒಳ್ಳೆಯ ಹೊತ್ತು. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆಯೇ ರಕ್ತದಲ್ಲಿನ ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳಬಲ್ಲದು. ಊಟದ ಸಕ್ಕರೆ ರಕ್ತಕ್ಕೆ ಏರುವ ಹೊತ್ತಿಗೇ ಕಾಲು ಕೆಲಸ ಮಾಡುತ್ತಿದ್ದರೆ ಆ ಏರಿಕೆ ಅಷ್ಟು ತಗ್ಗುತ್ತದೆ.

ಬೆಳ್ಳಿಯಿಂದ ನಮ್ಮ ಪ್ರವಾಸಗಳಿಗೂ ಒಂದು ತ್ರಿಜ್ಯ ನಿಗದಿಯಾಗಿದೆ. ಬೆಳಿಗ್ಗೆ ಅವಳಿಗೆ ಅನ್ನ ಹಾಕಿ ಹೊರಟರೆ ಕತ್ತಲಾಗುವುದರೊಳಗೆ ಮನೆಯಲ್ಲಿರಬೇಕು. ಮೈಸೂರನ್ನು ಕೇಂದ್ರವಾಗಿಟ್ಟು ಐವತ್ತು ಕಿಲೋಮೀಟರಿನ ವೃತ್ತ ಎಳೆದು ನೋಡಿ, ಏನೇನು ಸಿಗುತ್ತದೆ! ನಂಜನಗೂಡು, ಶ್ರೀರಂಗಪಟ್ಟಣ, 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಸೋಮನಾಥಪುರದ ಗುಡಿ, ಅಂಚಿನಲ್ಲಿ ತಲಕಾಡು, ಮೇಲುಕೋಟೆ. ಒಂದು ಜನ್ಮಕ್ಕೆ ಸಾಕು. ಬೆಟ್ಟವಂತೂ ಕೇಂದ್ರಬಿಂದುವಿನಲ್ಲೇ ಇದೆ. ಆದರೂ ಬೆಳ್ಳಿಯನ್ನು ಮೆಟ್ಟಿಲಿಗೆ ಕರೆದೊಯ್ಯುವುದಿಲ್ಲ. ಅವಳಿಗೂ ಕೋತಿಗಳಿಗೂ ಹಳೆಯ ದ್ವೇಷ.

ಒಂಬತ್ತನೇ ತರಗತಿಯಲ್ಲಿ ‘ಕೆಲಸ ಮತ್ತು ಶಕ್ತಿ’ ಪಾಠ ಬಂದಾಗ ನಾನು ಈ ಬೆಟ್ಟದ ಲೆಕ್ಕವನ್ನೇ ಕೊಡುವುದು. 60 ಕಿಲೋ ತೂಕದವರು 250 ಮೀಟರ್ ಎತ್ತರ ಹತ್ತಿದರು ಎಂದಿಟ್ಟುಕೊಳ್ಳಿ. ಗುರುತ್ವದ ವಿರುದ್ಧ ಮಾಡಿದ ಕೆಲಸ ಸುಮಾರು ಒಂದೂವರೆ ಲಕ್ಷ ಜೌಲ್, ಅಂದರೆ 36 ಕಿಲೋಕ್ಯಾಲೊರಿ. ದೇಹವೆಂಬ ಯಂತ್ರ ತಿಂದದ್ದರಲ್ಲಿ ನಾಲ್ಕನೇ ಒಂದು ಪಾಲನ್ನೋ ಐದನೇ ಒಂದು ಪಾಲನ್ನೋ ಮಾತ್ರ ಕೆಲಸವಾಗಿಸುತ್ತದೆ, ಉಳಿದದ್ದು ಶಾಖ. ಹಾಗೆ ನೋಡಿದರೂ ಖರ್ಚು ನೂರೈವತ್ತು, ನೂರ ಎಂಬತ್ತು. ಎಣ್ಣೆ ಸವರಿದ ಎರಡು ಚಪಾತಿ! ‘ಹಾಗಾದರೆ ಇಳಿದು ಬಂದು ಬೆಣ್ಣೆ ಮಸಾಲೆ ದೋಸೆ ತಿಂದರೆ ಸಾರ್?’ ಎಂದು ಪ್ರತಿ ವರ್ಷ ಒಬ್ಬ ಹುಡುಗ ಕೇಳುತ್ತಾನೆ. ತಿಂದರೆ ನಷ್ಟವೇ. ಬೆಟ್ಟ ಹತ್ತುವುದರ ಲಾಭ ಕ್ಯಾಲೊರಿಯ ಖಾತೆಯಲ್ಲಿ ಕಾಣುವುದಿಲ್ಲ. ಅದು ಹೃದಯದ, ಸ್ನಾಯುವಿನ ಖಾತೆಗೆ ಜಮಾ ಆಗುತ್ತದೆ.

2022ರಲ್ಲಿ ವೈದ್ಯರು ಆಕೆಯ ಪಾದ ಪರೀಕ್ಷಿಸಿದರು. ಉಪಕರಣ ಎಂದರೆ ಒಂದು ಹಿಡಿಕೆಗೆ ಸಿಕ್ಕಿಸಿದ ನೈಲಾನ್ ಎಳೆ, ಅಷ್ಟೆ. 10 ಗ್ರಾಂ ಒತ್ತಡಕ್ಕೆ ಬಾಗುವಂತೆ ಮಾಡಿರುತ್ತಾರೆ. ಕಣ್ಣು ಮುಚ್ಚಿಸಿ ಅಂಗಾಲಿನ ಒಂದೊಂದು ಜಾಗಕ್ಕೂ ಅದನ್ನು ಒತ್ತುತ್ತಾರೆ, ಮುಟ್ಟಿದ್ದು ತಿಳಿದಾಗ ‘ಹೂಂ’ ಎನ್ನಬೇಕು. ಆಕೆ ‘ಹೂಂ’, ‘ಹೂಂ’ ಎನ್ನುತ್ತಾ ಬಂದಳು. ಬಲಗಾಲಿನ ಹೆಬ್ಬೆರಳಿನ ಕೆಳಗೆ ಎಳೆ ಬಾಗಿತು, ಆಕೆ ಸುಮ್ಮನಿದ್ದಳು. ಇನ್ನೊಂದು ಕಡೆಯೂ ಹಾಗೇ ಆಯಿತು. ಎದುರಿನ ಕುರ್ಚಿಯಲ್ಲಿ ಕೂತು ನಾನು ಆ ಎಳೆ ಬಾಗುವುದನ್ನು ನೋಡುತ್ತಿದ್ದೆ. ‘ಮುಗೀತಾ?’ ಎಂದು ಆಕೆ ಕಣ್ಣು ಬಿಟ್ಟಳು. ವರ್ಷಗಟ್ಟಲೆ ಏರಿದ್ದ ಸಕ್ಕರೆ ಪಾದದ ನರಗಳ ತುದಿಯನ್ನು ಮಂಕು ಮಾಡಿತ್ತು. ಮುಳ್ಳು ಚುಚ್ಚಿದರೆ, ಕಾದ ಕಲ್ಲು ಸುಟ್ಟರೆ ತಿಳಿಯದೆ ಹೋಗಬಹುದು, ತಿಳಿಯದ ಗಾಯ ಹುಣ್ಣಾಗಬಹುದು. ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ, ರಾತ್ರಿ ಮಲಗುವ ಮುನ್ನ ಪಾದ ನೋಡಿಕೊಳ್ಳಿ ಎಂದರು. ಅಂದಿನಿಂದ ದಿನಾ ರಾತ್ರಿ ಟಾರ್ಚು ಹಿಡಿದು ಆಕೆಯ ಅಂಗಾಲು ನೋಡುವುದು ನನ್ನ ಕೆಲಸ. ತನಗೂ ಉಂಟೇನೋ ಎಂದು ಬೆಳ್ಳಿಯೂ ಪಕ್ಕದಲ್ಲಿ ಪಂಜ ಚಾಚಿ ಮಲಗುತ್ತಾಳೆ.

ಇಷ್ಟರ ಮೇಲೆ 2023ರ ಕೊನೆಯಲ್ಲಿ ಒಂದು ಹರಕೆ ಬಂತು. ಮಗಳ ಹೆರಿಗೆ ಸ್ವಲ್ಪ ಕಷ್ಟದ್ದಾಗಿ, ತಾಯಿ ಮಗು ಕ್ಷೇಮವಾಗಿ ಮನೆಗೆ ಬಂದ ದಿನ ಆಕೆ ಹೇಳಿದಳು: ‘ರೀ, ಬೆಟ್ಟದ ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಇಡ್ತೀನಿ ಅಂತ ಹೇಳ್ಕೊಂಡಿದೀನಿ.’

ಮೈಸೂರಿನ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲ ಮೆಟ್ಟಿಲಿನಿಂದ ಕೊನೆಯದರವರೆಗೆ, ಒಂದೊಂದಕ್ಕೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವುದು. ಸಾವಿರ ಸಲ ಬಗ್ಗಬೇಕು, ಸಾವಿರ ಸಲ ಏಳಬೇಕು. ಅದೂ ಬರಿಗಾಲಲ್ಲಿ. ನಾನು ನೈಲಾನ್ ಎಳೆಯ ಮಾತು ತೆಗೆದೆ. ‘ನಿಮ್ಮ ಪಾಠ ಸ್ಕೂಲಲ್ಲೇ ಇರಲಿ. ಚಪ್ಪಲಿ ಹಾಕ್ಕೊಂಡು ಕುಂಕುಮ ಇಡಕ್ಕಾಗುತ್ತಾ?’ ಎಂದಳು. ಎರಡು ದಿನ ಮನೆಯಲ್ಲಿ ಬೆಳ್ಳಿಯ ಜೊತೆಗೆ ಮಾತ್ರ ಮಾತು. ಮೂರನೆಯ ದಿನ ಆಕೆಯೇ ಪೇಟೆಗೆ ಹೋಗಿ ಬಿಳಿ ಬಟ್ಟೆಯ ಒಂದು ಜೊತೆ ಬೂಟು ತಂದಳು. ಚರ್ಮ ಇಲ್ಲ, ಬೀದಿ ಮುಟ್ಟಿಲ್ಲ, ಹೊಸತು. ದೇವರ ಮನೆಯ ಹೊಸ್ತಿಲ ಹೊರಗಿಟ್ಟು, ‘ಇದು ಕಾಲಿಗೆ ಸೀರೆ ಉಟ್ಟ ಹಾಗೆ’ ಎಂದಳು. ಶಾಸ್ತ್ರ ಬಲ್ಲವರು ಇದನ್ನು ಒಪ್ಪುತ್ತಾರೋ ಇಲ್ಲವೋ. ನಾನಂತೂ ಆ ತೀರ್ಪಿಗೆ ತಲೆಬಾಗಿದೆ.

ಐದು ತಿಂಗಳು ತಯಾರಿ ನಡೆಯಿತು. ಭಾನುವಾರಗಳಲ್ಲಿ ಮೊದಲು ನೂರು ಮೆಟ್ಟಿಲು, ಆಮೇಲೆ ಇನ್ನೂರು. 2024ರ ಮೇ ತಿಂಗಳು, ಶಾಲೆಗೆ ರಜೆ. ಒಂದು ಶುಕ್ರವಾರ ಬೆಳಿಗ್ಗೆ ಐದೂವರೆಗೆ ಪಾದದಲ್ಲಿದ್ದೆವು. ಆಷಾಢ ಶುಕ್ರವಾರದ ಜನಸಾಗರದಲ್ಲಿ ಇದೆಲ್ಲ ಸಾಧ್ಯವಿಲ್ಲವೆಂದು ಮೊದಲೇ ನಿರ್ಧರಿಸಿದ್ದೆವು. ಇಡ್ಲಿ ತಿಂದಾಗಿತ್ತು. ನನ್ನ ಚೀಲದಲ್ಲಿ ನೀರು, ಗ್ಲೂಕೋಸ್ ಪುಡಿ, ಸಕ್ಕರೆ ನೋಡುವ ಪುಟ್ಟ ಯಂತ್ರ. ಕೈಯಲ್ಲಿ ಒಂದು ಗಿಡ್ಡ ಪೊರಕೆ. ನಾಲ್ಕು ಮೆಟ್ಟಿಲು ಮುಂದೆ ಹೋಗಿ ತೆಂಗಿನ ಚಿಪ್ಪು, ಮುಳ್ಳು, ಗಾಜಿನ ಚೂರು ಗುಡಿಸುವುದು, ಹಿಂದೆ ನೋಡುವುದು, ಕಾಯುವುದು. ಬೆಳ್ಳಿಯ ಕೆಲಸವನ್ನೇ ಅಂದು ನಾನು ಮಾಡಿದೆ.

ನಾನೂರನೇ ಮೆಟ್ಟಿಲಿನ ಸುಮಾರಿಗೆ, ತಲೆಯ ಮೇಲೆ ಸೆರಗು ಹೊದ್ದ ಮುದುಕಿಯೊಬ್ಬರು ನಿಂತರು. ‘ಏನವ್ವಾ, ಮೆಟ್ಲಿಗೆ ಕುಂಕ್ಮ ಇಕ್ಕೋಳು ಕಾಲ್ಗೆ ಮೆಟ್ಟು ಹಾಕಿದ್ದೀಯೆ?’

ಆಕೆ ನೆಟ್ಟಗೆ ನಿಂತು ಸೊಂಟಕ್ಕೆ ಕೈಯಿಟ್ಟುಕೊಂಡಳು. ‘ಸಕ್ಕರೆ ಕಾಯಿಲೆ ಕಣಮ್ಮ. ಚುಚ್ಚಿದ್ರೂ ಕಾಲಿಗೆ ಗೊತ್ತಾಗಲ್ಲ.’

ಮುದುಕಿ ಸ್ವಲ್ಪ ಹೊತ್ತು ಬೂಟನ್ನೇ ನೋಡಿದರು. ‘ನಮ್ಮೆಜಮಾನ್ರಿಗೂ ಹಂಗೇ. ಮೊಳೆ ಚುಚ್ಕೊಂಡು ಎಲ್ಡು ದಿನ ಗೊತ್ತೇ ಆಗ್ನಿಲ್ಲ. ಬೆರಳು ತೆಗೆದ್ರು. ನೀ ಹಾಕ್ಕೊ ತಾಯಿ’ ಎಂದು ಹತ್ತಿ ಹೋದರು.

ಸುಮಾರು ಏಳುನೂರನೇ ಮೆಟ್ಟಿಲಿಗೆ ನಂದಿ. ಅಲ್ಲೇ ಇದ್ದ ಬಂಡೆಯಲ್ಲಿ ಕಡೆದದ್ದು, ಹದಿನಾರು ಅಡಿ ಎತ್ತರ. ಎಣ್ಣೆ ಮೆತ್ತಿದ ಕರಿಬಣ್ಣದಲ್ಲಿ ಕುತ್ತಿಗೆಯ ಗಂಟೆಸರ ಎದ್ದು ಕಾಣುತ್ತದೆ. ಅಲ್ಲಿ ತಲುಪುವ ಹೊತ್ತಿಗೆ ಎಂಟೂವರೆ. ಆಕೆಯ ಹಣೆಯಲ್ಲಿ ಬೆವರು. ಅದು ಹತ್ತಿದ ಬೆವರಿನಂತಿರಲಿಲ್ಲ, ತಣ್ಣಗಿತ್ತು. ಕುಂಕುಮದ ಬಟ್ಟಲು ಹಿಡಿದ ಕೈ ನಡುಗುತ್ತಿತ್ತು. ‘ಏನಿಲ್ಲ, ಇನ್ನು ಮುನ್ನೂರೇ ತಾನೆ’ ಎಂದಳು. ಬೆರಳು ಚುಚ್ಚಿ ನೋಡಿದರೆ 62. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕಡಿಮೆಯಾಗುವುದೇ ಎಂದು ಕೇಳುವವರಿದ್ದಾರೆ. ಕೆಲವು ಮಾತ್ರೆಗಳು ಮೇದೋಜೀರಕ ಗ್ರಂಥಿಯನ್ನು ಒತ್ತಾಯಪಡಿಸಿ ಇನ್ಸುಲಿನ್ ಹೊರಡಿಸುತ್ತವೆ. ಅದರ ಜೊತೆ ಮೂರು ಗಂಟೆಯ ದುಡಿಮೆ ಸೇರಿದರೆ ಮಟ್ಟ ಕುಸಿಯಬಹುದು. ಹೀಗಾದಾಗ ಕಾಯುವಂತಿಲ್ಲ. ನಾಲ್ಕು ಸಣ್ಣ ಚಮಚ ಗ್ಲೂಕೋಸು ನೀರಿನಲ್ಲಿ ಕಲಸಿ ಕುಡಿಸಿದೆ. ಹದಿನೈದು ನಿಮಿಷ ನಂದಿಯ ನೆರಳಿನಲ್ಲಿ ಕೂತೆವು. ಎದುರಿಗೆ ಊರೆಲ್ಲ ಹರಡಿತ್ತು, ನೋಡಿದ್ದು ನೆನಪಿಲ್ಲ. ಮತ್ತೆ ಚುಚ್ಚಿದಾಗ 94. ಆಮೇಲೆ ಎರಡು ಬಿಸ್ಕತ್ತು.

ಅರ್ಧ ಹರಕೆ ಬಿಟ್ಟು ಇಳಿಯುವುದು ಹೇಗೆ ಎಂಬ ಚಿಂತೆ ಆಕೆಗೆ. ಸ್ವಲ್ಪ ಹೊತ್ತಿನ ನಂತರ ಆಕೆಯೇ, ‘ಮನೆ ಸಾಲಾನೇ ಇಪ್ಪತ್ತು ವರ್ಷ ಕಂತಲ್ಲಿ ಕಟ್ಟಿದೀವಿ. ಇದನ್ನೂ ಎರಡು ಕಂತಲ್ಲಿ ತೀರಿಸ್ತೀನಿ’ ಎಂದು ಬಟ್ಟಲಿಗೆ ಮುಚ್ಚಳ ಹಾಕಿದಳು. ಮುಂದಿನ ವಾರ ವೈದ್ಯರಿಗೆ ಹೇಳಿ, ಹತ್ತುವ ದಿನದ ಮಾತ್ರೆ ಹೇಗೆಂದು ಕೇಳಿಕೊಂಡು, ಮೂರು ವಾರದ ನಂತರ ಮತ್ತೊಂದು ಶುಕ್ರವಾರ ನಂದಿಯಿಂದ ಶುರುಮಾಡಿದೆವು. ಕೊನೆಯ ಮೆಟ್ಟಿಲಿಗೆ ಅರಿಶಿನ ಹಚ್ಚಿ ಬೂಟು ಕಳಚಿ, ಕಾಲುಚೀಲದಲ್ಲಿ ದೇವಸ್ಥಾನದೊಳಗೆ ಹೋದಳು. ಹೊರಗೆ ಕಲ್ಲುಹಾಸು ಆಗಲೇ ಕಾಯತೊಡಗಿತ್ತು.

ಇಳಿಯುವುದಕ್ಕೆ ನಮಗೆ 201ನೇ ನಂಬರಿನ ಬಸ್ಸು. ಹತ್ತುವಾಗ ದಣಿಯುವುದು ಎದೆ, ಇಳಿಯುವಾಗ ಪೆಟ್ಟು ತಿನ್ನುವುದು ಮಂಡಿ. ಐವತ್ತು ದಾಟಿದವರು ಇಳಿಜಾರನ್ನು ಬಸ್ಸಿಗೆ ಬಿಟ್ಟರೆ ಲೇಸು ಎಂಬುದು ನನ್ನ ಅಭಿಪ್ರಾಯ. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ‘ನಿಮ್ಮೊಬ್ಬರದೇ ಖರ್ಚು’ ಎಂದು ಆಕೆ ಪ್ರತಿ ಸಲ ನೆನಪಿಸುತ್ತಾಳೆ.

ಆ ಬೂಟಿಗೆ ಮೆಟ್ಟಿಲಿನ ಅರಿಶಿನವೆಲ್ಲ ಮೆತ್ತಿತ್ತು. ಸೋಪು ಹಾಕಿ ಒಗೆಯಲು ಕೂತವಳು, ‘ರೀ, ಬನ್ನಿ ಇಲ್ಲಿ!’ ಎಂದು ಕೂಗಿದಳು. ಹಳದಿ ಕಲೆಗಳೆಲ್ಲ ಕೆಂಪಾಗಿದ್ದವು. ಸೋಪು ಪ್ರತ್ಯಾಮ್ಲ, ಅರಿಶಿನ ಸೂಚಕ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದರ ಹಿಂದೆಯೂ ಇದೇ ರಸಾಯನ. ನಿಂಬೆ ಹುಳಿ ಹಿಂಡಿದರೆ ಮತ್ತೆ ಹಳದಿಯಾಗುತ್ತದೆಂದು ಹೇಳಿ ಒಂದು ಹೋಳು ತಂದು ತೋರಿಸಿದೆ. ಆ ಬೂಟನ್ನು ಆಕೆ ಈಗ ರಾತ್ರಿಯ ನಡಿಗೆಗೆ ಹಾಕಿಕೊಳ್ಳುತ್ತಾಳೆ. ಕಲೆ ಪೂರ್ತಿ ಹೋಗಿಲ್ಲ. ಮುಂದಿನ ರಜೆಗೆ ಮೇಲುಕೋಟೆಯಲ್ಲಿ ಯೋಗಾನರಸಿಂಹನ ಬೆಟ್ಟ ಹತ್ತುವುದೆಂದು ತೀರ್ಮಾನವಾಗಿದೆ. ಬೆಳ್ಳಿಯ ರಾತ್ರಿ ಊಟದ ಹೊತ್ತಿಗೆ ವಾಪಸು ಬರಬೇಕಾದರೆ ಬೆಳಗಿನ ಮೊದಲ ಬಸ್ಸನ್ನೇ ಹಿಡಿಯಬೇಕು.