ಒತ್ತಿಗೆ ಜಾಗಾ ಬಿಡು, ತಮ್ಮಾ

ಸಂಪಗಾಂವ ಎಂಬ ಊರಿನ ಹೆಸರಿನಲ್ಲಿ ಒಂದೂ ಒತ್ತಿಲ್ಲ. ಎರಡು ಸೊನ್ನೆ, ಒಂದು ದೀರ್ಘ. ಉಳಿದವೆಲ್ಲ ಜಗಲಿಯ ಮೇಲೆ ಕುಂತ ಹಿರಿಯರಂತೆ ಒಂದೇ ಸಾಲಿನಲ್ಲಿ ಕುಂತಿವೆ. ಎಷ್ಟು ದಪ್ಪ ಕುಂಚ ಹಿಡಿದರೂ ಈ ಹೆಸರು ಕೆಡುವುದಿಲ್ಲ.

ಸುತ್ತಲಿನ ಊರುಗಳು ಹಾಗಲ್ಲ. ಬೈಲಹೊಂಗಲದ 'ಬೈ'ಗೆ ತಲೆಯ ಮೇಲೊಂದು ಕೊಂಡಿ, ಕಾಲ ಕೆಳಗೊಂದು ಸುರುಳಿ. ಸವದತ್ತಿಯ 'ತ್ತಿ'ಗೆ ಮೇಲೆ ಗುಡಿಸು, ಕೆಳಗೆ ಒತ್ತು. ಕಿತ್ತೂರಿನಲ್ಲಿ ಒತ್ತಿನ ಜೊತೆ ಕೊಂಬೂ ಬಂದು ಇಕ್ಕಟ್ಟು. ರಾಮದುರ್ಗದ ಅರ್ಕಾವತ್ತು ಮಾತ್ರ ಪಕ್ಕಕ್ಕೆ ಸರಿದು ನಿಲ್ಲುತ್ತದೆ.

ಇದನ್ನು ನನಗೆ ತೋರಿಸಿಕೊಟ್ಟವರು ಟ್ರ್ಯಾಕ್ಟರ್ ಟ್ರೇಲರುಗಳಿಗೆ ಹೆಸರು ಬರೆಯುತ್ತಿದ್ದ ಪೇಂಟರ್ ಕಾಕಾ. ಕಬ್ಬಿನ ಹಂಗಾಮಿಗೆ ಮೊದಲು ಅವರ ಮುಂದೆ ಟ್ರೇಲರುಗಳ ಸಾಲು. ಸೀಮೆಸುಣ್ಣ ತಿಕ್ಕಿದ ದಾರವನ್ನು ಎರಡೂ ತುದಿಗೆ ಬಿಗಿಹಿಡಿದು ಚಿಟ್ಟನೆ ಬಿಟ್ಟರೆ ತಗಡಿನ ಮೇಲೆ ನೆಟ್ಟನೆ ಗೆರೆ. ಅದರ ಮೇಲೆ 'ಸಂಗೊಳ್ಳಿ ರಾಯಣ್ಣ': ಹಳದಿ ಅಕ್ಷರ, ಕೆಂಪು ನೆರಳು. "ಮೊದಲ ಒತ್ತಿಗೆ ಜಾಗಾ ಬಿಡಬೇಕ, ತಮ್ಮಾ. ಮ್ಯಾಲಿನ ಅಕ್ಷರ ಆಮ್ಯಾಲ" ಎನ್ನುತ್ತಿದ್ದರು. 'ಳ್ಳಿ'ಯ ಒತ್ತು ತುಸು ಉಬ್ಬಿದರೆ 'ಣ್ಣ'ದ ಒತ್ತನ್ನೂ ಅಷ್ಟೇ ಉಬ್ಬಿಸುತ್ತಿದ್ದರು. ಎರಡೂ ಒಂದೇ ಮನೆಯ ಮಕ್ಕಳಂತೆ ಕಾಣಬೇಕು.

ಆ 'ತಮ್ಮಾ' ಬಹಳ ವರ್ಷಗಳ ಮೇಲೆ ಕಂಪ್ಯೂಟರಿನಲ್ಲಿ ಸಿಕ್ಕಿತು. ಮುಂಬೈಯ 'ಏಕ್ ಟೈಪ್' ಬಳಗ ಮಾಡಿದ ಅಕ್ಷರರೂಪದ ಹೆಸರು 'ಬಾಲೂ'. ಕಿಪ್ಲಿಂಗನ ಕಾಡಿನ ಕಥೆಯ ಕರಡಿಗೂ ಅದೇ ಹೆಸರು. ದಪ್ಪ, ದುಂಡು, ಆಟದ ಹುರುಪು. ಭಾರತದ ಹಲವು ಲಿಪಿಗಳಲ್ಲಿ ಅದಕ್ಕೆ ಒಂದೊಂದು ಅಣ್ಣತಮ್ಮನ ಹೆಸರು: ಗುಜರಾತಿಗೆ ಭಾಯಿ, ಬಂಗಾಳಿಗೆ ದಾ, ಮಲಯಾಳಕ್ಕೆ ಚೇಟ್ಟನ್, ತಮಿಳಿಗೆ ತಂಬಿ. ಕನ್ನಡಕ್ಕೆ 'ಬಾಲೂ ತಮ್ಮ'. ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು. ಆ ಹೆಸರು ಓದಿದಾಗ ಕಾಕಾ ಕರೆದಂತೆಯೇ ಆಯಿತು.

ದಪ್ಪ ಗೆರೆಯಲ್ಲಿ ಕನ್ನಡ ಬರೆಯುವುದು ಸುಲಭವಲ್ಲ. ಗೆರೆ ಹಿಗ್ಗಿದಂತೆ ಅಕ್ಷರದ ಹೊಟ್ಟೆಯೊಳಗಿನ ಬಯಲು ಮುಚ್ಚುತ್ತದೆ. ಒತ್ತು ಮಸಿಯ ಉಂಡೆಯಾಗುತ್ತದೆ. ಆದ್ದರಿಂದ ಇಕ್ಕಟ್ಟಾದ ಕಡೆ ಗೆರೆಯನ್ನು ಕಣ್ಣಿಗೆ ತಿಳಿಯದಂತೆ ಸಣ್ಣ ಮಾಡಬೇಕು. ಕಾಕಾ ಕುಂಚವನ್ನು ತುಸು ಓರೆ ಮಾಡಿ ಮಾಡುತ್ತಿದ್ದುದೂ ಇದನ್ನೇ.

ನನಗೆ ನಿಜವಾಗಿ ಸಂಕಟವಾಗುವುದು ಫ್ಲೆಕ್ಸುಗಳಲ್ಲಿ ಎಳೆದು ಅಗಲ ಮಾಡಿದ ಅಕ್ಷರ ಕಂಡಾಗ. ನಿಂತ ಗೆರೆ ಊದಿಕೊಂಡಿರುತ್ತದೆ, ಅಡ್ಡ ಗೆರೆ ಬಡಕಲಾಗಿರುತ್ತದೆ. ಹೋದ ಸಲ ಕಿತ್ತೂರು ಉತ್ಸವದ ಹೊತ್ತಿಗೆ ಫ್ಲೆಕ್ಸ್ ಅಂಗಡಿಯ ಹುಡುಗನ ಪಕ್ಕ ಕುಂತು, "ಎಳೀಬ್ಯಾಡ ತಮ್ಮಾ, ಅಕ್ಷರಾನ ದೊಡ್ಡದು ಮಾಡು, ಸಾಲಿನ ನಡುವ ಜಾಗಾ ಬಿಡು" ಎಂದೆ. ಅವನು ಬಾಲೂ ತಮ್ಮದಲ್ಲಿ 'ಕಿತ್ತೂರು' ಹೊಡೆದು ಗಾತ್ರ ಏರಿಸಿದ. 'ತ್ತೂ'ದ ಒತ್ತು ಕೆಳಗೆ ಕಾಲು ಚಾಚಿ ಕುಂತಿತು. ಹುಡುಗ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಒಂದು ಗಳಿಗೆ ನೋಡಿದ. ಆಮೇಲೆ ಕೇಳದೆಯೇ ಸವದತ್ತಿಯ ಫ್ಲೆಕ್ಸನ್ನೂ ತೆರೆದ.