ಮಗನ ಮತ, ತಾಯಿಯ ಬೆರಳು

2024ರ ಏಪ್ರಿಲ್ 26, ಶುಕ್ರವಾರ. ವಿರಾಜಪೇಟೆ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಜಗಲಿಯಲ್ಲಿ ಸರತಿ ನಿಂತಿದೆ. ನಿಮ್ಮ ಮುಂದಿರುವವರು ಅರವತ್ತು ದಾಟಿದ ತಾಯಿ. ಮೊಬೈಲನ್ನು ಗೇಟಿನ ಹೊರಗೇ ನೆರೆಮನೆಯ ಹುಡುಗನ ಕೈಗೆ ಕೊಟ್ಟು ಬಂದಿದ್ದಾರೆ. ಮಗ ಸೇನೆಯಲ್ಲಿ, ಈಗ ಲಡಾಖಿನಲ್ಲಿದ್ದಾನಂತೆ. "ನಿನ್ನೆ ರಾತ್ರಿ ಫೋನ್ ಮಾಡಿದ್ದ" ಎನ್ನುತ್ತಾರೆ. ಏನು ಹೇಳಿದನೆಂದು ಅವರು ಹೇಳುವುದಿಲ್ಲ, ನೀವು ಕೇಳುವುದೂ ಇಲ್ಲ.

ಒಳಗೆ ಹೆಸರು ಕೂಗುತ್ತಾರೆ. ಎಡಗೈಯ ತೋರುಬೆರಳಿಗೆ ಶಾಯಿ, ರಿಜಿಸ್ಟರಿನಲ್ಲಿ ಸಹಿ, ಕೈಗೊಂದು ಚೀಟಿ. ಮತಯಂತ್ರ ಬೀಪ್ ಎನ್ನುತ್ತದೆ. ಆದರೆ ಆಕೆ ಹೊರಗೆ ಹೋಗದೆ ತಿರುಗಿ ಮೊದಲ ಮೇಜಿಗೇ ಬರುತ್ತಾರೆ.

"ಇವರದು ಆಯ್ತಲ್ಲ ಸಾರ್?" ಏಜೆಂಟರೊಬ್ಬರು ಅರ್ಧ ಎದ್ದಿದ್ದಾರೆ.

"ಇದು ಮಗನದು. ಸೇವಾ ಮತದಾರರ ಪಟ್ಟಿ ನೋಡಿ."

ಪ್ರತ್ಯೇಕ ಹಾಳೆ ಅದು. ಸೈನಿಕನ ಹೆಸರು, ಅವನ ಬದಲಿಗೆ ಮತ ಹಾಕುವವರ ಹೆಸರು. ಏಜೆಂಟರು ಓದಿ ಕೂರುತ್ತಾರೆ.

"ಅಮ್ಮಾ, ಈಗ ನಡುಬೆರಳು ಕೊಡಿ."

ಕರಿಮೆಣಸು ಬಿಡಿಸಿ ಒರಟಾದ ಬೆರಳು. ಉಗುರಿನಿಂದ ಕೆಳಕ್ಕೆ ಶಾಯಿಯ ಗೆರೆ ಇಳಿಯುತ್ತದೆ. ಮೊದಲು ನೇರಳೆ, ಬೆಳಕು ತಾಗಿದಂತೆ ಕಪ್ಪು. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಈ ಶಾಯಿ ಹೋಗುತ್ತಿರುವುದು ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಿಂದ. ತನ್ನ ಮತಕ್ಕೆ ತೋರುಬೆರಳು, ಬದಲಿ ಮತಕ್ಕೆ ನಡುಬೆರಳು: ನಿಯಮ ಹಾಗಿದೆ.

ಈ ಅವಕಾಶ ಬಂದದ್ದು 2003ರಲ್ಲಿ. ಮಗ ತನ್ನ ಕಮಾಂಡಿಂಗ್ ಆಫೀಸರ್ ಎದುರು ನಮೂನೆ 13ಎಫ್‌ಗೆ ಸಹಿ ಹಾಕಿ ಊರಿಗೆ ಕಳಿಸಿದ. ತಾಯಿ ನೋಟರಿಯ ಮುಂದೆ ಸಹಿ ಮಾಡಿ ಚುನಾವಣಾಧಿಕಾರಿಗೆ ತಲುಪಿಸಿದರು. ಮಗ ರದ್ದುಮಾಡುವವರೆಗೂ ಅದು ಮುಂದಿನ ಚುನಾವಣೆಗಳಿಗೂ ನಡೆಯುತ್ತದೆ.

ಆಕೆ ರಟ್ಟಿನ ಮರೆಗೆ ಹೋಗುತ್ತಾರೆ. ಈ ಸಲ ಸ್ವಲ್ಪ ಹೊತ್ತು ಹಿಡಿಯುತ್ತದೆ. ವಿವಿಪ್ಯಾಟ್ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ಕಂಡು ಒಳಗೆ ಬೀಳುತ್ತದೆ. ಮಗ ಹೇಳಿದ ಗುಂಡಿಯನ್ನೇ ಒತ್ತಿದರೋ ಎಂದು ಕೇಳುವ ಅಧಿಕಾರ ಈ ಕೋಣೆಯಲ್ಲಿ ಯಾರಿಗೂ ಇಲ್ಲ, ಪರೀಕ್ಷಿಸುವ ದಾರಿ ಮಗನಿಗೂ ಇಲ್ಲ. ಇಷ್ಟು ದೊಡ್ಡ ಹಕ್ಕನ್ನು ಕಾನೂನು ಬರೀ ನಂಬಿಕೆಯ ಮೇಲೆ ಬಿಟ್ಟಿದೆ. ಅದು ಸರಿಯೆಂದೇ ನನಗನ್ನಿಸುತ್ತದೆ. ಕಾವಲು ಹಾಕಿದ್ದರೆ ಮತದ ಗುಟ್ಟು ಉಳಿಯುತ್ತಿರಲಿಲ್ಲ.

ಹೊರದೇಶದಲ್ಲಿ ದುಡಿಯುವ ನಮ್ಮವರಿಗೆ ಈ ಅನುಕೂಲವಿಲ್ಲ. ಅವರಿಗೂ ಕೊಡುವ ಮಸೂದೆ 2018ರಲ್ಲಿ ಲೋಕಸಭೆಯನ್ನು ದಾಟಿತು, ಮರುವರ್ಷ ಆ ಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. ಮತ ಹಾಕಬೇಕೆಂದರೆ ಅವರು ಊರಿಗೇ ಬರಬೇಕು.

ನಿಮ್ಮ ಮನೆಯ ಮಗನೋ ಮಗಳೋ ಸೇನೆಯಲ್ಲಿದ್ದರೆ, ಚುನಾವಣೆ ಘೋಷಣೆಯಾಗಲಿ ಎಂದು ಕಾಯಬೇಡಿ. ರಜೆಗೆ ಬಂದಾಗಲೇ ಇಬ್ಬರೂ ನೋಟರಿಯ ಮುಂದೆ ಕೂತು 13ಎಫ್ ಮುಗಿಸಿಬಿಡಿ.